ತೊಟ್ಟಿಲ ಕೊಂಡಿಗೆ ನಾನು ಹಾಕಿದ ಫ್ಯಾನು

ತಾಂಡ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದು, ನಿವೃತ್ತನಾದ ಮೇಲೆ ನಂಜನಗೂಡಿನ ಸುತ್ತಮುತ್ತ ಮನೆ ವೈರಿಂಗ್ ಮಾಡುತ್ತಿದ್ದೇನೆ. ನನ್ನ ಕೆಲಸಕ್ಕೆ ಯಾರಾದರೂ ಬೆರಳು ತೋರಿಸಿದರೆ ಸಿಟ್ಟು ಬರುವ ಮನುಷ್ಯನಾಗಿದ್ದೆ. ಆ ಸೊಕ್ಕು ಇಳಿದದ್ದು ಕಳೆದ ಬೇಸಿಗೆಯಲ್ಲಿ, ಕಳಲೆಯ ಸಿದ್ದರಾಜುವಿನ ಮನೆಯಲ್ಲಿ.

ನಮ್ಮ ಕಡೆ ಮನೆಗೆ ಆರ್‌ಸಿಸಿ ಸೂರು ಹಾಕಿಸುವಾಗ ಹಾಲ್ ನಡುವೆ ಒಂದು ಕಬ್ಬಿಣದ ಕೊಂಡಿ ಬಿಡಿಸುತ್ತಾರೆ, ಮುಂದೆ ತೊಟ್ಟಿಲು ಕಟ್ಟಲಿಕ್ಕೆ. ಆ ಕಾಲ ಬರುವತನಕ ಅದಕ್ಕೆ ಫ್ಯಾನು. ಸಿದ್ದರಾಜುವಿನ ಮನೆಯಲ್ಲಿ ಮೂರು ವರ್ಷದ ಹಿಂದೆ ಆ ಫ್ಯಾನು ಹಾಕಿದವನು ನಾನೇ. ಈಗ ಅವನ ಮಗಳು ರಮ್ಯಾ ಹೆರಿಗೆಗೆ ಬಂದು ಮಗು ಹೆತ್ತಿದ್ದಳು. ನಾನು ಹೋದ ದಿನ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಸಿದ್ದರಾಜು ಸ್ವಿಚ್ ಆಫ್ ಮಾಡಿ, ತಾನೇ ಫ್ಯಾನು ಇಳಿಸಿ, ವೈರಿನ ತುದಿಗೆ ಟೇಪ್ ಸುತ್ತಿ, ಕೊಂಡಿಗೆ ಸರಪಳಿ ಹಾಕಿ ತೊಟ್ಟಿಲು ಕಟ್ಟಿದ್ದ. ಫ್ಯಾನು ಬೇರೆ ಕಡೆ ಹಾಕಿಕೊಡಲು ನನ್ನನ್ನು ಕರೆದಿದ್ದ.

ನಾನು ಹೋದಾಗ ಅವನ ತಾಯಿ ಮಾದೇವಮ್ಮ, ಶಾಸ್ತ್ರದಂತೆ ಮಗುವಿಗಿಂತ ಮೊದಲು ರುಬ್ಬುವ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ ತೂಗಲು ಹೊರಟಿದ್ದರು. ಸರಪಳಿ ಹಿಡಿದವರು ತಟ್ಟನೆ ಕೈ ಕೊಡವಿದರು.

"ಅಯ್ಯೋ, ಕೈ ಜುಮ್ ಅಂತು ಕಣ್ಲಾ," ಎಂದರು ಮಗನಿಗೆ. "ವಯಸ್ಸಾಯ್ತಲ್ಲ, ನರ ಇಡ್ಕತ್ತದೆ. ರಮ್ಯಾ, ಮಗೀನ ತಕ್ಕೊಂಬಾ."

"ಬೇಡಿ! ಯಾರೂ ತೊಟ್ಲು ಮುಟ್ಬೇಡಿ!" ಎಂದು ಕೂಗಿಕೊಂಡೆ. ಸರಪಳಿಗೆ ಟೆಸ್ಟರ್ ತಾಗಿಸಿದೆ, ಅದರ ದೀಪ ಹತ್ತಿತು. ಸ್ವಿಚ್ ನೋಡಿದರೆ ಆಫ್ ಆಗಿಯೇ ಇದೆ!

ಮೇನ್ ಸ್ವಿಚ್ ಇಳಿಸಿ ಬೋರ್ಡ್ ಬಿಚ್ಚಿದೆ. ಕರೆಂಟ್ ತರುವ ತಂತಿ ಫೇಸ್, ವಾಪಸ್ ಒಯ್ಯುವುದು ನ್ಯೂಟ್ರಲ್. ಸ್ವಿಚ್ ಇರಬೇಕಾದದ್ದು ಫೇಸ್ ಮೇಲೆ. ಇಲ್ಲಿ ನ್ಯೂಟ್ರಲ್ ಮೇಲಿತ್ತು. ಹಾಗಿದ್ದರೂ ಫ್ಯಾನು ಚೆನ್ನಾಗಿಯೇ ತಿರುಗುತ್ತದೆ, ನಿಲ್ಲುತ್ತದೆ. ಆದರೆ ಆಫ್ ಮಾಡಿದ ಮೇಲೂ ಮೇಲಿನ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮರದ ಏಣಿ ಮೇಲೆ ನಿಂತಿದ್ದ ಸಿದ್ದರಾಜುವಿಗೆ ಅದು ಗೊತ್ತಾಗಿರಲಿಲ್ಲ. ಆಮೇಲೆ ಟೇಪ್ ಸಡಿಲಾಗಿ ಆ ವೈರು ಸರಪಳಿಗೆ ತಾಗಿತ್ತು. ಆಗ ನೆನಪಾಯಿತು: ಫ್ಯಾನು ಹಾಕಿದ ದಿನ ಕರೆಂಟ್ ಹೋಗಿತ್ತು, ವೈರೆಲ್ಲ ಒಂದೇ ಬಣ್ಣದವು. ಯಾವುದು ಫೇಸ್ ಎಂದು ಟೆಸ್ಟರ್ ಇಟ್ಟು ನೋಡಲಾಗದೆ, ಅಂದಾಜಿನಲ್ಲಿ ಜೋಡಿಸಿ ಹೋಗಿದ್ದೆ. ಸಂಜೆ ಸಿದ್ದರಾಜು "ತಿರುಗ್ತಾ ಅದೆ ಕಣಣ್ಣೋ" ಎಂದು ಫೋನ್ ಮಾಡಿದ, ಅಷ್ಟಕ್ಕೇ ಸುಮ್ಮನಾಗಿದ್ದೆ.

"ನಾನು ಟೇಪ್ ಸರ್ಯಾಗ್ ಸುತ್ನಿಲ್ಲ ಕಣಣ್ಣೋ, ನಂದೇ ತಪ್ಪು," ಎಂದ ಸಿದ್ದರಾಜು. ಅಳುವುದೊಂದು ಬಾಕಿ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಮ್ಯಾ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಮುಖ ನೋಡಿ ಸುಮ್ಮನಿರಲಾಗಲಿಲ್ಲ.

"ತಪ್ಪು ನಂದು. ಅವತ್ತು ನಾನೇ ಉಲ್ಟಾ ಕೊಟ್ಟಿದ್ದೆ."

ಮಾದೇವಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು. "ಇಷ್ಟ್ ವರ್ಸ ಕೆಲ್ಸ ಮಾಡಿವ್ನಿ ಅಂತ ಮೀಸೆ ತಿರುವ್ತಿದ್ದಲ್ಲಪ್ಪಾ! ಒಪ್ಕೊಂಡಲ್ಲ, ಸದ್ಯ. ಈಗ ನೆಟ್ಗ್ ಮಾಡು. ಮಾಡ್ಬುಟ್ಟು, ಮೊದ್ಲು ನೀನೇ ಸರಪಣಿ ಇಡ್ಕಂಡು ತೂಗು."

ಫೇಸನ್ನು ಸ್ವಿಚ್ಚಿಗೆ ಕೊಟ್ಟೆ. ಮೇಲಿನ ವೈರನ್ನು ಕೊಂಡಿಯಿಂದ ದೂರಕ್ಕೆ ಎಳೆದು, ತುದಿ ಭದ್ರವಾಗಿ ಮುಚ್ಚಿದೆ. ಮೇನ್ ಹಾಕಿ, ಸ್ವಿಚ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ಸರಪಳಿಗೆ ಟೆಸ್ಟರ್ ಇಟ್ಟು ನೋಡಿದೆ; ದೀಪ ಹತ್ತಲಿಲ್ಲ. ಆಮೇಲೆ ಬರಿಗೈಯಲ್ಲಿ ಸರಪಳಿ ಹಿಡಿದು ಗುಂಡುಕಲ್ಲನ್ನು ತೂಗಿದೆ. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಕಣ್ಣು ಮಾತ್ರ ತೇವವಾಗಿತ್ತು. ರಮ್ಯಾ ಕಲ್ಲು ತೆಗೆದು ಮಗುವನ್ನು ಮಲಗಿಸಿದಳು. ಊಟವಾದ ಮೇಲೆ ಬಾಗಿಲ ಕಡೆ ಬೇರೆ ಕೊಂಡಿ ಕೂರಿಸಿ ಫ್ಯಾನು ಹಾಕಿದೆ.

ಫ್ಯಾನು ತಿರುಗಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದವನು, ಈಗ ಅದು ನಿಂತ ಮೇಲೂ ಏಣಿ ಹತ್ತಿ ಟೆಸ್ಟರ್ ಇಡುತ್ತೇನೆ. ಮನೆಯವರು, "ತಿರುಗ್ತಲ್ಲ, ಇನ್ನೇನ್ ಸಾ?" ಎಂದರೆ, "ತಡೀರಿ, ಇನ್ನೂ ಗುಂಡುಕಲ್ಲು ತೂಗಿಲ್ಲ," ಎನ್ನುತ್ತೇನೆ.