ಹಿರಿಯರ ಉತ್ತರ ತಪ್ಪಿದ್ದ ಪ್ರಶ್ನೆ

ಮೊನ್ನೆ ಅಹಮದಾಬಾದಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಪಕ್ಕದ ಮೇಜಿನವರು ಡಬ್ಬಿ ತೆರೆದರು. ಶೇಂಗಾ ಚಟ್ನಿಪುಡಿಯ ವಾಸನೆ, ಬೆಳ್ಳುಳ್ಳಿ ಜೋರಾಗಿದ್ದ ಅಪ್ಪಟ ಧಾರವಾಡದ ವಾಸನೆ ಬಂತು. ಹಿಂದೆ ವಡೋದರಾದಲ್ಲಿ ಕೆಲಸ ಮಾಡುವಾಗಿನ ನಮ್ಮ ಮೇಡಂ ನೆನಪಾದರು...

ಆಗ ನಾನು ಆ ಊರಿನ ಫತೇಗಂಜಿನಲ್ಲಿ ಬಾಡಿಗೆಗಿದ್ದೆ, ಕೆಲಸ ಅಲ್ಲಿಯದೇ ಅಲ್ಕಾಪುರಿಯಲ್ಲಿ. ಹೊಸ ಔಷಧಗಳನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದಾಗ ಬರುವ ಮಾಹಿತಿಗೆ ಪ್ರೋಗ್ರಾಂ ಬರೆದು ಲೆಕ್ಕ ತೆಗೆಯುವುದು ನಮ್ಮ ಕಸುಬು. ಮೇಡಂ ತಂಡದ ಮುಖ್ಯಸ್ಥೆ. ಧಾರವಾಡದವರು, ಗಂಡನ ರೈಲ್ವೆ ವರ್ಗಾವಣೆಯ ಬೆನ್ನಿಗೆ ಬಂದು ಅಲ್ಲೇ ಬೇರು ಬಿಟ್ಟವರು. ಖಾಖ್ರಾ ಎಂಬ ಗುಜರಾತಿನ ಗರಿಗರಿ ರೊಟ್ಟಿಯ ಮೇಲೆ ಚಟ್ನಿಪುಡಿ, ಎಣ್ಣೆ ಹಾಕಿ ತಿನ್ನುತ್ತಿದ್ದರು. ಮೂಗು ಮುರಿದ ಗುಜರಾತಿ ಗೆಳತಿಯರಿಗೂ ಒಂದೊಂದು ಕೊಟ್ಟು ಬಾಯಿ ಮುಚ್ಚಿಸುತ್ತಿದ್ದರು.

ನಮ್ಮ ಕೆಲಸದಲ್ಲೊಂದು ಪದ್ಧತಿಯಿದೆ. ಒಂದೇ ಲೆಕ್ಕವನ್ನು ಇಬ್ಬರು, ಒಬ್ಬರದನ್ನೊಬ್ಬರು ನೋಡದೆ ಮಾಡಬೇಕು. ಕೊನೆಗೆ ಎರಡೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಕಿರಿಯರು ಏನು ಮಾಡುತ್ತಾರೆ ಹೇಳಿ? ಮೆಲ್ಲಗೆ ತಮ್ಮದನ್ನು ತಿದ್ದಿ ಹಿರಿಯರ ಉತ್ತರಕ್ಕೆ ಹೊಂದಿಸಿಬಿಡುತ್ತಾರೆ. ಎಲ್ಲರಿಗೂ ಬೇಗ ಮನೆ ಸೇರುವ ಆಸೆ. ಇದನ್ನು ಕಂಡರೆ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು.

ಕೆಲವು ಕಂಪನಿಗಳು ಸೇರಿ ಈ ಕಸುಬಿಗೊಂದು ಪ್ರಮಾಣಪತ್ರದ ಪರೀಕ್ಷೆ ರೂಪಿಸಲು ಹೊರಟಾಗ ಮೇಡಂ ಸಮಿತಿ ಸೇರಿದರು, ನನ್ನನ್ನೂ ಎಳೆದುಕೊಂಡರು. ಉಳಿದವರು ಟಿಕ್ ಹಾಕುವ ಪ್ರಶ್ನೆಗಳನ್ನು ರಾಶಿ ಹಾಕಿದರೆ, ಮೇಡಂ ಪಟ್ಟು ಹಿಡಿದದ್ದು ಒಂದೇ ಪ್ರಶ್ನೆಗೆ. ಅಭ್ಯರ್ಥಿ ಪ್ರೋಗ್ರಾಂ ಬರೆಯಬೇಕು. ಜೊತೆಗೆ ಹಿರಿಯರ ಉತ್ತರವೆಂದು ಒಂದನ್ನು ಕೊಟ್ಟಿರುತ್ತಾರೆ, ಅದು ತಪ್ಪು. ಅದಕ್ಕೆ ಹೊಂದಿಸಿದವರು ಫೇಲು. ತಮ್ಮದನ್ನು ಬಿಡದೆ ವ್ಯತ್ಯಾಸಕ್ಕೆ ಕಾರಣ ಬರೆದವರು ಪಾಸು.

ಸೂರತ್ತಿನಲ್ಲಿ ಪ್ರಯೋಗಕ್ಕೆಂದು ಪರೀಕ್ಷೆ ನಡೆಸಿದಾಗ ಹೆಚ್ಚಿನವರು ಹೊಂದಿಸಿಯೇ ಬಿಟ್ಟರು, ಒಳ್ಳೊಳ್ಳೆ ಬುದ್ಧಿವಂತರೂ. ಸಮಿತಿಯ ಅಧ್ಯಕ್ಷರು ಇದು ಮೋಸದ ಪ್ರಶ್ನೆ, ತೆಗೆದುಬಿಡೋಣ ಎಂದರು. ಮೇಡಂ ಜಗಳಕ್ಕೇ ನಿಂತರು. ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಆ ಸಭೆಗೆ ಅವರು ಬರಲಾಗಲಿಲ್ಲ. ಕ್ಯಾನ್ಸರ್ ಎಂದು ಅಷ್ಟರಲ್ಲಿ ತಿಳಿದಿತ್ತು... ನಾನು ಆಸ್ಪತ್ರೆಗೆ ಹೋದಾಗ ನರ್ಸ್ ಕೊಟ್ಟ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು.

"ಇದರ ಲೆಕ್ಕಾನೂ ನಮ್ಮಂಥೋರ ಯಾರೋ ಇಬ್ಬರು ಮಾಡಿರ್ತಾರ. ಅದರಾಗ ಸಣ್ಣಾಕಿ ಅಂಜಿ ತನ್ನ ಉತ್ತರ ಬದಲ್ ಮಾಡಿದ್ರ, ನನ್ನ ಗತಿ ಏನಪಾ?" ಅಂದರು. ಆಮೇಲೆ ನೀರು ಕೇಳಿ ಮಾತ್ರೆ ನುಂಗಿದರು.

ಸಭೆಯಲ್ಲಿ ನಾನು ಬೇರೆ ವಾದ ಮಾಡಲಿಲ್ಲ. ಆ ಮಾತನ್ನೇ ಹಿಂದಿಯಲ್ಲಿ ಹೇಳಿದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತ ಕೂತರು. ಪ್ರಶ್ನೆ ಉಳಿಯಿತು. ಮೇಡಂ ಉಳಿಯಲಿಲ್ಲ. ಮೊದಲ ಪರೀಕ್ಷೆ ನಡೆಯುವ ಹೊತ್ತಿಗೆ ಅವರ ಗಂಡ ಒಬ್ಬರೇ ಧಾರವಾಡಕ್ಕೆ ಮರಳಿದ್ದರು.

ಈಗ ನಾನೂ ಒಂದು ತಂಡದ ಹಿರಿಯ. ಕಳೆದ ವಾರ, ಆ ಪ್ರಮಾಣಪತ್ರ ಪಡೆದು ಹೊಸದಾಗಿ ಸೇರಿದ ಹುಡುಗಿ ನನ್ನ ಮೇಜಿನ ಬಳಿ ಬಂದಳು. ನಮ್ಮಿಬ್ಬರ ಲೆಕ್ಕ ತಾಳೆಯಾಗಿರಲಿಲ್ಲ. ಹಿಂದಿಯಲ್ಲಿ ಸ್ಪಷ್ಟವಾಗಿಯೇ ಹೇಳಿದಳು: "ಸರ್, ತಪ್ಪು ನಿಮ್ಮದರಲ್ಲಿದೆ. ನಾನು ನನ್ನದನ್ನು ಬದಲಾಯಿಸುವುದಿಲ್ಲ."

ತೆರೆದು ನೋಡಿದೆ. ಅವಳದೇ ಸರಿ. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬಿತು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದ ಆ ಹುಡುಗಿ ಗಾಬರಿಯಾದಳು. ಇದನ್ನು ನಾನು ಹೇಳಲೇಬೇಕಾಗಿದ್ದದ್ದು ಮೇಡಂ ಒಬ್ಬರಿಗೇ... ಫೋನಿನಲ್ಲಿ ಅವರ ಹೆಸರು ಇನ್ನೂ ಇದೆ. ಎತ್ತುವವರಿಲ್ಲ.