ಗಿಡ್ಡನನ್ನು ಕೊಟ್ಟು ಉದ್ದನನ್ನು ತಂದವರು

ಮಲಬೋನ್‌ನ ಕ್ಷೌರಿಕ ಸಾಂತಿಂಗ್‌ಗೆ ಬದುಕಿನಲ್ಲಿ ಎರಡೇ ಕೆಲಸ. ಒಂದು, ಜನರ ಕೂದಲು ಕತ್ತರಿಸುವುದು; ಇನ್ನೊಂದು, ಬಾಸ್ಕೆಟ್‌ಬಾಲ್ ತಂಡಗಳ ಮಾನ ಕಳೆಯುವುದು. ಮೊದಲನೆಯದನ್ನು ಸುಮಾರಾಗಿ ಮಾಡುತ್ತಿದ್ದ. ಎರಡನೆಯದರಲ್ಲಿ ಅವನನ್ನು ಮೀರಿಸುವವರು ಮನಿಲಾದ ಆಸುಪಾಸಿನಲ್ಲಿ ಇರಲಿಲ್ಲ. ತಾನು ಒಂದು ಪಂದ್ಯವನ್ನೂ ನೆಟ್ಟಗೆ ಆಡಿದವನಲ್ಲ, ವಯಸ್ಸು ಅರವತ್ತೆರಡು, ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ಯಾವ ತಂಡ ಯಾರನ್ನು ಕೊಟ್ಟು ಯಾರನ್ನು ತಂದರೂ, ಅದು ಸರಿಯೋ ತಪ್ಪೋ ಎಂದು ಇವನು ಹೇಳುವವರೆಗೆ ಬೀದಿಗೆ ಸಮಾಧಾನವಿಲ್ಲ. ಉಬ್ಬರದ ನೀರು ಅಂಗಡಿಯೊಳಗೆ ನುಗ್ಗಿದ ದಿನವೂ ಜನ ಬೆಂಚಿನ ಮೇಲೆ ಕಾಲು ಮಡಚಿ ಕೂತು ತೀರ್ಪು ಕೇಳಿಕೊಂಡೇ ಹೋಗುತ್ತಿದ್ದರು. ತೀರ್ಪೆಂದರೆ ಹೆಚ್ಚಾಗಿ ಬೈಗುಳವೇ.

ಆ ಮಂಗಳವಾರ ಡಬ್ಬಿ ಮೀನಿನ ಕಂಪನಿಯ ಬಾಂಗ್ಕಾ ಸಾರ್ಡೀನ್ಸ್ ತಂಡ, ಚೆಂಡು ಮುನ್ನಡೆಸುವ ತನ್ನ ಗಾರ್ಡ್ ಎಲ್ಜುನ್‌ನನ್ನು ಇನ್ನೊಂದು ತಂಡಕ್ಕೆ ಕೊಟ್ಟುಬಿಟ್ಟ ಸುದ್ದಿ ಬಂದಿತ್ತು. ಇಪ್ಪತ್ತೆರಡರ ಹುಡುಗ, ಐದಡಿ ಏಳಂಗುಲ; ಚೆಂಡು ಅಂಗೈಗೆ ಅಂಟಿಕೊಂಡ ಹಾಗೆ ಓಡುತ್ತಿದ್ದ. ಅವನ ಬದಲಿಗೆ ಬಂದವನು ಆರಡಿ ಎಂಟಂಗುಲದ, ಮೂವತ್ತಾರು ವರ್ಷದ, ಎರಡು ಸಲ ಮಂಡಿ ಕೊಯ್ಯಿಸಿಕೊಂಡ ಆಸಾಮಿ. ಹತ್ತು ಗಂಟೆಗೆಲ್ಲ ಅಂಗಡಿ ತುಂಬಿತ್ತು.

ಟ್ರೈಸಿಕಲ್ ಓಡಿಸುವ ತೋಯಿಂಗ್ ತನ್ನ ಗಾಡಿಯನ್ನು ಬಾಗಿಲಿಗೆ ಒತ್ತಿ ನಿಲ್ಲಿಸಿ ಒಳಗೆ ಬಂದ. ಗಾಡಿಯಲ್ಲಿ ಟೋಪಿ ಹಾಕಿಕೊಂಡ ಗಿರಾಕಿಯೊಬ್ಬ ಇಳಿಯದೆ ಕೂತೇ ಇದ್ದ. ಸಾಂತಿಂಗ್ ಬಾಗಿಲಿಗೆ ಬೆನ್ನು ಹಾಕಿ, ಒಬ್ಬನ ಕಿವಿಯ ಸುತ್ತ ಕತ್ತರಿ ಆಡಿಸುತ್ತಿದ್ದ.

“ಮಾಂಗ್ ಸಾಂತಿಂಗ್, ಹೇಳಿಬಿಡಿ. ಸಾರ್ಡೀನ್ಸ್‌ನೋರು ಮಾಡಿದ್ದು ಸರೀನಾ?” ಎಂದ ತೋಯಿಂಗ್. ಹಿರಿಯರೆಂದು ಮಾಂಗ್ ಸೇರಿಸಿ ಕರೆದ ಅವನ ದನಿ ಎಂದಿಗಿಂತ ತುಸು ಜೋರಾಗಿತ್ತು.

“ಸರೀನಾ ಅಂತೆ! ಲೋ, ಡಬ್ಬೀಲಿ ಮೀನು ಮಾರೋರು ಬುದ್ಧೀನೂ ಡಬ್ಬೀಲೇ ಇಟ್ಟಿದ್ದಾರೆ. ಮುಚ್ಚಳ ತೆಗೆದ್ರೆ ತಾನೇ ಉಪಯೋಗ!”

“ಆದ್ರೂ ಎತ್ತರ ಬೇಕಲ್ಲ ಮಾಂಗ್ ಸಾಂತಿಂಗ್,” ಎಂದ ಕುರ್ಚಿಯಲ್ಲಿ ಕೂತವನು. “ಆಟ ಕಲಿಸಬಹುದು, ಎತ್ತರ ಕಲಿಸೋಕಾಗತ್ತಾ?”

“ತೆಂಗಿನಮರಾನೂ ಎತ್ತರ ಇದೆ. ತಂದು ಬುಟ್ಟಿ ಕೆಳಗೆ ನಿಲ್ಲಿಸ್ಲಿ. ಮಂಡಿನಾದ್ರೂ ನೋಯಲ್ಲ. ನೀನು ಸುಮ್ನೆ ಕೂತ್ಕೋ, ಕಿವಿ ಹೋದೀತು.”

ಬೆಂಚು ಬಿದ್ದು ಬಿದ್ದು ನಕ್ಕಿತು. ನಗು ಸಿಕ್ಕಿತೆಂದರೆ ಸಾಂತಿಂಗ್‌ನನ್ನು ಹಿಡಿಯುವವರಿಲ್ಲ. ಪತ್ರಿಕೆ ಎತ್ತಿಕೊಂಡು ಮ್ಯಾನೇಜರ್ ಕೊಟ್ಟ ಹೇಳಿಕೆಯನ್ನು ಮೂಗಿನಲ್ಲಿ ಎಳೆದೆಳೆದು ಓದಿದ: “‘ಎಲ್ಜುನ್ ನಮ್ಮ ಮನೆಮಗ ಇದ್ದ ಹಾಗೆ. ಆದರೆ ತಂಡದ ಒಳ್ಳೆಯದಕ್ಕಾಗಿ ಕಳಿಸಿಕೊಡುತ್ತಿದ್ದೇವೆ.’ ಥೂ! ಯಾರ ಕಿವಿಗೆ ಹೂವಿಡ್ತಾನೆ ಇವನು? ಮನೆಮಗನ್ನ ಹೊರಗೆ ಹಾಕಿ ಐಸ್ ಪೆಟ್ಟಿಗೆ ಒಳಗೆ ತರ್ತಾರೇನ್ರೋ ಯಾರಾದ್ರೂ?”

ಕಿರಿಯರು ನಕ್ಕರು. ವಯಸ್ಸಾದವರು ನಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐಸ್ ಎಂಬ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಸಾಂತಿಂಗ್‌ನ ಕೈಯ ಪತ್ರಿಕೆಯೂ ಕೆಳಗಿಳಿಯಿತು.

ಮೂವತ್ತೊಂದು ವರ್ಷದ ಹಿಂದಿನ ಮಾತು. ಬೇಸಿಗೆ ಲೀಗಿನಲ್ಲಿ ಈ ಬೀದಿಯ ತಂಡಕ್ಕೆ ಸಾಂತಿಂಗನೇ ಕೋಚು. ತಮ್ಮ ದೆನ್ಸಿಯೋ ಅವನ ಗಾರ್ಡ್: ಹತ್ತೊಂಬತ್ತು ವರ್ಷ, ಐದಡಿ ನಾಲ್ಕಂಗುಲ, ನಿಂತಲ್ಲಿ ನಿಲ್ಲದ ಕಾಲು. ಎರಡು ಬೀದಿ ಆಚೆಯ ತಂಡದಲ್ಲಿ ಬಾದೋಂಗ್ ಎಂಬ ಐಸ್ ಹೊರುವವನಿದ್ದ, ಆರಡಿ ಮೂರಂಗುಲ. ಗಿಡ್ಡರೇ ತುಂಬಿದ ಊರಿನಲ್ಲಿ ಉದ್ದನೆಯವನೊಬ್ಬ ಕಂಡರೆ ಕೋಚುಗಳ ತಲೆ ಕೆಡುತ್ತದೆ, ಅವನಿಗೆ ಆಟ ಬರುತ್ತದೆಯೇ ಎಂದು ಕೇಳುವಷ್ಟು ವ್ಯವಧಾನವೂ ಇರುವುದಿಲ್ಲ. ಸಾಂತಿಂಗ್ ತಮ್ಮನನ್ನು ಕೊಟ್ಟು ಬಾದೋಂಗ್‌ನನ್ನು ತಂದ.

ಯಾವ ಬೀದಿಗೆ ಆಡುತ್ತಾನೋ ಆ ಬೀದಿಯಲ್ಲೇ ವಾಸವಿರಬೇಕು ಎಂಬುದು ಲೀಗಿನ ನಿಯಮ. ಅದಕ್ಕೆ ಬರಂಗಾಯ್ ಎಂಬ ವಾರ್ಡು ಕಚೇರಿಯ ಚೀಟಿ ಬೇಕು. ಈ ಮಹಾಶಯ ತಾನೇ ಹೋಗಿ ಚೀಟಿ ಬರೆಸಿದ. ತಾನೇ ತಮ್ಮನ ಚಾಪೆ, ಬಟ್ಟೆಯ ಚೀಲ ಹೊತ್ತು ಅವನನ್ನು ಎರಡು ಬೀದಿ ಆಚೆಯ ಸೋದರತ್ತೆಯ ಮನೆಗೆ ಬಿಟ್ಟುಬಂದ. “ತಂಡದ ಒಳ್ಳೇದಕ್ಕೆ ಕಣೋ,” ಎಂದು ಬೆನ್ನೂ ತಟ್ಟಿದ. ಆ ಚಾಪೆಯ ಜಾಗದಲ್ಲಿ ಬಾದೋಂಗ್ ಕಾಲು ಬಾಗಿಲಾಚೆ ಚಾಚಿ ಒಂದು ತಿಂಗಳು ಮಲಗಿದ, ಮನೆಯ ಅಕ್ಕಿಯನ್ನೆಲ್ಲ ಖಾಲಿ ಮಾಡಿದ. ಫೈನಲ್‌ನಲ್ಲಿ ಅವನು ಸೊಂಟಕ್ಕೆ ಕೈಯಿಟ್ಟು ತೇಕುತ್ತ ನಿಂತಿದ್ದಾಗ, ಪಕ್ಕದಲ್ಲೇ ನುಸುಳಿ ಹೋಗಿ ಕೊನೆಯ ಬುಟ್ಟಿ ಹಾಕಿದವನು ದೆನ್ಸಿಯೋ. ಸಾಂತಿಂಗ್ ಒಂದು ಅಂಕದಿಂದ ಸೋತ.

ಲೀಗ್ ಮುಗಿಯಿತು, ಬಾದೋಂಗ್ ಹೋದ, ತಮ್ಮ ಮಾತ್ರ ಮರಳಿ ಬರಲಿಲ್ಲ. ಹೋಗಿ ಕರೆಯಲು ಇವನಿಗೆ ದೊಡ್ಡಸ್ತಿಕೆ. ಅಣ್ಣನಾದವನು ಹೋಗುವುದೇ, ಅವನೇ ಬರಲಿ ಎಂದು ಕೂತ. ಎರಡು ಬೀದಿಯ ದೂರಕ್ಕೆ ಮೂವತ್ತೊಂದು ವರ್ಷ ಹಿಡಿಯಿತು. ತಾಯಿ ಸತ್ತಾಗ ಒಂಬತ್ತು ದಿನದ ಪ್ರಾರ್ಥನೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ಬಂದವರಿಗೆ ಕಾಫಿ ಕೊಟ್ಟರು, ಪರಸ್ಪರ ಒಂದು ಮಾತಿಲ್ಲ. ದೆನ್ಸಿಯೋ ಮಾರುಕಟ್ಟೆಯ ಹತ್ತಿರ ಬೇರೆ ಯಾರ ಹತ್ತಿರವೋ ಕೂದಲು ಕತ್ತರಿಸಿಕೊಳ್ಳುತ್ತಿದ್ದ. ಚರ್ಚಿನಲ್ಲಿ ಹಿಂದಿನ ಸಾಲಿನಿಂದ ತಮ್ಮನ ಕುತ್ತಿಗೆಯ ಮೇಲೆ ಕೂದಲಿನ ಸೊಟ್ಟ ಗೆರೆ ಕಂಡಾಗಲೆಲ್ಲ ಸಾಂತಿಂಗ್‌ಗೆ ಕೈಯಲ್ಲಿ ಕತ್ತರಿ ಇರಬಾರದಿತ್ತೇ ಅನ್ನಿಸುತ್ತಿತ್ತು. ತಾಯಿ ಹೋದ ಮೇಲೆ ದೆನ್ಸಿಯೋ ನಸುಕಿನ ಪೂಜೆಗೆ ಹೋಗತೊಡಗಿದ, ಆ ಗೆರೆಯೂ ಕಾಣುವುದು ತಪ್ಪಿತು. ಅದಾಗಿ ಹದಿನೈದು ವರ್ಷ. ಊರಿನವರ ತಪ್ಪನ್ನೆಲ್ಲ ಎತ್ತಿ ಆಡುವ ಈ ನಾಲಿಗೆಗೆ ತನ್ನ ಒಂದು ತಪ್ಪು ಹೇಳಲು ಮಾತ್ರ ಆಗಿರಲಿಲ್ಲ.

“ಐಸ್ ಪೆಟ್ಟಿಗೆ ಹೆಂಗಿತ್ತು, ಕುಯಾ?”

ಸಾಂತಿಂಗ್ ತಿರುಗಿದ. ಗಾಡಿಯಲ್ಲಿದ್ದ ಟೋಪಿಯವನು ಇಳಿದು ಬಾಗಿಲಲ್ಲಿ ನಿಂತಿದ್ದ. ದೆನ್ಸಿಯೋ! ತನ್ನನ್ನು ಅಣ್ಣಾ ಎಂದು, ಕುಯಾ ಎಂದು ಕರೆಯಲು ಭೂಮಿಯ ಮೇಲೆ ಉಳಿದಿದ್ದ ಒಬ್ಬನೇ ಒಬ್ಬ.

“ತೋಯಿಂಗ್, ಇದು ನಿಂದೇ ಕಿತಾಪತಿ ತಾನೆ?”

“ಬಾಡಿಗೆ ಕೊಟ್ಟೋರನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ ಬರ್ತೀನಿ ಮಾಂಗ್ ಸಾಂತಿಂಗ್,” ಎಂದು ತೋಯಿಂಗ್ ಗೋಡೆಯ ಕಡೆ ಸರಿದ.

“ಎಲ್ಜುನ್‌ದು ಕೇಳಾಯ್ತು,” ಎಂದ ದೆನ್ಸಿಯೋ. “ನಂದೂ ಹೇಳಿಬಿಡು. ಅದು ಸರಿಯಿತ್ತಾ?”

“ಅದು... ಆಗ ತಂಡಕ್ಕೆ ಎತ್ತರ...” ಎಂದು ಶುರುಮಾಡಿದ ಸಾಂತಿಂಗ್‌ಗೆ, ಈಗಷ್ಟೇ ತಾನು ಅಣಕಿಸಿದ ಮ್ಯಾನೇಜರನ ದನಿಯೇ ತನ್ನ ಮೂಗಿನಿಂದ ಬರುತ್ತಿದೆ ಅನ್ನಿಸಿತು. ನಾಚಿಕೆಯಿಂದ ಮುಖ ಕಾವೇರಿತು. “ಇಲ್ಲ ಕಣೋ. ಸರಿಯಿರ್ಲಿಲ್ಲ. ಈ ಸಾರ್ಡೀನ್ಸ್‌ನೋರೇ ವಾಸಿ. ನನ್ನಂಥ ಮುಟ್ಠಾಳ ಮಲಬೋನ್‌ನಲ್ಲಿ ಇನ್ನೊಬ್ಬನಿಲ್ಲ.”

ಯಾರೂ ನಗಲಿಲ್ಲ. ಅರ್ಧ ಕೂದಲು ಕತ್ತರಿಸಿಕೊಂಡವನು ತಾನಾಗಿಯೇ ಕುರ್ಚಿ ಬಿಟ್ಟು ಎದ್ದ.

“ಕೂತ್ಕೋ,” ಎಂದ ಸಾಂತಿಂಗ್. ಬಟ್ಟೆ ಕೊಡವಿ ತಮ್ಮನ ಕುತ್ತಿಗೆಗೆ ಸುತ್ತಿ ಗಂಟು ಹಾಕಿದ. ಆ ಸೊಟ್ಟ ಗೆರೆಯನ್ನು ಇವತ್ತು ನೆಟ್ಟಗೆ ಮಾಡಿಯೇ ಬಿಡುವೆನೆಂದು ಒಳ್ಳೆಯ ಬಾಚಣಿಗೆಯನ್ನೇ ಆರಿಸಿಕೊಂಡ.

ದೆನ್ಸಿಯೋ ಟೋಪಿ ತೆಗೆದ. ಹಣೆಯಿಂದ ಕುತ್ತಿಗೆಯವರೆಗೆ ಒಂದು ಕೂದಲೂ ಇರಲಿಲ್ಲ.

“ಕೂದಲಿದ್ದಾಗ ಕಳಿಸಿಬಿಟ್ಟೆ, ಕುಯಾ.”

ಸಾಂತಿಂಗ್ ಬಾಚಣಿಗೆಯನ್ನು ಕೆಳಗಿಟ್ಟ. ಕತ್ತರಿಸಿದ ಕೂದಲು ಒರೆಸುವ ಬ್ರಷ್ಷನ್ನು ತೆಗೆದುಕೊಂಡು, ಏನೂ ಬಿದ್ದಿರದ ಆ ಕುತ್ತಿಗೆಯನ್ನು ಮೆಲ್ಲಗೆ ಒರೆಸುತ್ತಲೇ ನಿಂತ.