ಕೃತಜ್ಞತೆಯ ಪುಟದಲ್ಲಿ ಒಂದು ಹೆಸರು

ಕಾಲೇಜಿನಲ್ಲಿ ಅವಳಿಗೆ ಅಡಿಟಿಪ್ಪಣಿ ಮೇಡಂ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಇಟ್ಟವರ ಕಣ್ಣು ಚುರುಕು. ಪುಸ್ತಕ ಕೈಗೆ ಬಂದರೆ ಎಲ್ಲರೂ ಮುಖಪುಟ ನೋಡುತ್ತಾರೆ, ಅವಳು ಪುಟದ ಬುಡ ನೋಡುತ್ತಾಳೆ. ಪ್ರಾಚೀನ ಚರಿತ್ರೆ ಪಾಠ ಮಾಡುತ್ತ, ಒಂದು ವಿದ್ವತ್ ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯುತ್ತ ಅವಳ ತಲೆ ಅರ್ಧ ನರೆತಿತ್ತು. ಗಂಡ ಹಲ್ಲಿನ ವೈದ್ಯ. "ನಾನಾದ್ರೂ ಮರಗಟ್ಟಿಸಿ ಕೀಳ್ತೀನಿ, ನೀನು ಹಾಗೇ ಕಿತ್ತುಬಿಡ್ತೀಯಲ್ಲೇ," ಎಂದು ರೇಗಿಸುತ್ತಿದ್ದ. ಅವಳ ವಿಮರ್ಶೆಯಿಂದ ನೊಂದವರು ಬೇಕಾದಷ್ಟು ಜನ. ಅವಳು ಸುಳ್ಳು ಬರೆದಳು ಎಂದವರು ಮಾತ್ರ ಒಬ್ಬರೂ ಇರಲಿಲ್ಲ. ಅವಳಿಗಿದ್ದ ಆಸ್ತಿ ಅದೊಂದೇ.

ಆ ಆಸ್ತಿಗೇ ಕೈ ಹಾಕಿದವನು ಅಣ್ಣ. ಒಡಹುಟ್ಟಿದವನಲ್ಲ, ಅದೇ ವಿಭಾಗದ ಹಿರಿಯ ಅಧ್ಯಾಪಕ. ಅವಳಿಗೆ ಗ್ರೀಕ್ ಅಕ್ಷರ ತಿದ್ದಿಸಿದವನು, ಅವಳ ಮೊದಲ ಲೇಖನ ಅಚ್ಚಾದಾಗ ಅವಳಿಗಿಂತ ಹೆಚ್ಚು ಕುಣಿದಾಡಿದವನು. ಅಣ್ಣ ಜೀವಮಾನವಿಡೀ ಬರೆದದ್ದು ಒಂದೇ ಪುಸ್ತಕ, ಮೊದಲ ಕ್ರೈಸ್ತ ಸಭೆಗಳ ಚರಿತ್ರೆ. ಅದು 'ಇನ್ನೇನು ಮುಗೀತು' ಎಂದು ಅವನು ಹೇಳತೊಡಗಿದಾಗ ಹುಟ್ಟಿದ ಮಕ್ಕಳು ಈಗ ಅವನ ತರಗತಿಯಲ್ಲೇ ಕೂತು ಆಕಳಿಸುತ್ತಿದ್ದರು.

ಹಸ್ತಪ್ರತಿಯನ್ನು ಮೊದಲು ಅವಳಿಗೇ ಕೊಟ್ಟ. ಬಹಳ ಒಳ್ಳೆಯ ಪುಸ್ತಕ, ಒಂದು ಅಧ್ಯಾಯ ಬಿಟ್ಟು. ಆರಂಭದ ಕ್ರೈಸ್ತರಿಗೆ ಬೇರೆ ಪ್ರಾರ್ಥನಾಮಂದಿರ ಎಲ್ಲಿಂದ ಬರಬೇಕು? ಯಾರದಾದರೂ ಮನೆಯ ನಡುಮನೆಯಲ್ಲಿ ಸೇರುತ್ತಿದ್ದರು, ಎಷ್ಟೋ ಸಲ ಆ ಮನೆ ಒಬ್ಬ ಹೆಂಗಸಿನದು. ಆ ಹೆಂಗಸರು ಬಾಗಿಲು ತೆರೆದು ದೀಪ ಹಚ್ಚಿದವರೇ ಹೊರತು ಸಭೆ ನಡೆಸಿದವರಲ್ಲ, ಮೊದಲ ದಿನದಿಂದಲೂ ಯಜಮಾನಿಕೆ ಗಂಡಸರದೇ ಎಂಬುದು ಅಣ್ಣನ ವಾದ. ಅದಕ್ಕೆ ಸಾಕ್ಷಿಯಾಗಿ, ಹೆಂಗಸರು ಸಭೆಯಲ್ಲಿ ಉಪದೇಶ ಮಾಡಬಾರದೆನ್ನುವ, ಧರ್ಮಪ್ರಚಾರಕ ಪೌಲನ ಹೆಸರಿನಲ್ಲಿರುವ ಕೆಲವು ಪತ್ರಗಳನ್ನು ತಂದಿದ್ದ. ಆ ಪತ್ರಗಳನ್ನು ಪೌಲ ತೀರಿಕೊಂಡ ಮೇಲೆ ಬೇರೆ ಯಾರೋ ಅವನ ಹೆಸರು ಹಾಕಿ ಬರೆದರೆಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಅಣ್ಣ ಆ ಸುದ್ದಿಯನ್ನೇ ಎತ್ತಿರಲಿಲ್ಲ.

ಅಧ್ಯಾಪಕರ ಕೊಠಡಿಯಲ್ಲಿ ಇಬ್ಬರೇ ಇದ್ದಾಗ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು.

"ಮೊಮ್ಮಕ್ಕಳ ಕಾಲದ ಕಾಗದ ಹಿಡ್ಕೊಂಡು ಅಜ್ಜಿ ಸಂಸಾರ ಹೀಗಿತ್ತು ಅಂದ್ರೆ ಹೇಗಣ್ಣ? ಈ ಅಧ್ಯಾಯ ನಿಲ್ಲಲ್ಲ."

"ಇದಕ್ಕೇ ನಿನಗೆ ಕೊಟ್ಟಿದ್ದು. ತಿದ್ದುತೀನಿ, ತಂಗಿ," ಎಂದ ಅಣ್ಣ.

ಪುಸ್ತಕ ಬಂತು. ಕೃತಜ್ಞತೆಯ ಪುಟದಲ್ಲಿ 'ಪ್ರತಿ ಸಾಲನ್ನೂ ಓದಿ ಒಪ್ಪಿದ ಸೋದರಿ' ಎಂದು ಅವಳ ಹೆಸರು. ಸಂತೋಷ ತಡೆಯಲಾರದೆ ಗಂಡನ ಚಿಕಿತ್ಸಾಲಯಕ್ಕೇ ಓಡಿದಳು. ಅವನು ಅದನ್ನು ಎರಡು ಸಲ ಓದಿ ಹಿಗ್ಗಿದ, ಅಲ್ಲಿಯವರೆಗೆ ರೋಗಿ ಪಾಪ ಬಾಯಿ ತೆರೆದುಕೊಂಡೇ ಇದ್ದ. ಸಂಜೆ ಮನೆಯಲ್ಲಿ ಆ ಅಧ್ಯಾಯ ತೆಗೆದು ನೋಡಿದರೆ ಒಂದು ಅಲ್ಪವಿರಾಮವೂ ಕದಲಿರಲಿಲ್ಲ.

ಆಗಲೂ ಅವಳು ಅಣ್ಣನ ಮೇಲೆ ಅನುಮಾನಪಡಲಿಲ್ಲ. ಮರೆತಿರಬೇಕು, ವಯಸ್ಸಾಯಿತು ಎಂದುಕೊಂಡಳು. ಮೆಚ್ಚುವುದನ್ನು ಮೆಚ್ಚಿ, ತಪ್ಪನ್ನು ತಪ್ಪೆಂದು ಬರೆದರಾಯಿತು ಎಂದು ಪತ್ರಿಕೆಯ ಸಂಪಾದಕರಿಗೆ ಫೋನ್ ಮಾಡಿದಳು.

"ಆಗಲ್ಲ ಮೇಡಂ," ಎಂದರು ಸಂಪಾದಕರು. "ಕೃತಜ್ಞತೆಯಲ್ಲಿ ಹೆಸರಿರೋರು ಆ ಪುಸ್ತಕಕ್ಕೆ ವಿಮರ್ಶೆ ಬರೆಯೋ ಹಾಗಿಲ್ಲ. ನಿಯಮ ಮಾಡಿದ್ದೇ ನೀವಿಬ್ಬರು ಸೇರಿ."

ನಿಜವೇ. ಗೆಳೆಯರು ಗೆಳೆಯರ ಬೆನ್ನು ತಟ್ಟಿಕೊಳ್ಳುವುದನ್ನು ನಿಲ್ಲಿಸಲು ಅವಳೂ ಅಣ್ಣನೂ ಹಟ ಹಿಡಿದು ಮಾಡಿಸಿದ ನಿಯಮ ಅದು.

"ಲೇಖಕರೇ ಮೊನ್ನೆ ಫೋನ್ ಮಾಡಿ ಈ ನಿಯಮ ಜ್ಞಾಪಿಸಿದ್ರಲ್ಲ," ಎಂದು ಸಂಪಾದಕರು ಸೇರಿಸಿದರು.

ಫೋನ್ ಇಟ್ಟವಳು ಕೃತಜ್ಞತೆಯ ಪುಟವನ್ನು ಮತ್ತೆ ತೆಗೆದು ಓದಿದಳು. ಬೈಯಬೇಕೆನಿಸಿತು, ಅಳಬೇಕೆನಿಸಿತು, ಎಲ್ಲಕ್ಕಿಂತ ಹೆಚ್ಚಾಗಿ ಚಿಕಿತ್ಸಾಲಯಕ್ಕೆ ಓಡಿದ್ದನ್ನು ನೆನೆದು ನಾಚಿಕೆಯಾಯಿತು. ಬಾಯಿ ಕಟ್ಟುವುದಕ್ಕೆ ಹೊಗಳಿಕೆಯನ್ನೂ ಬಳಸಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಮರುದಿನ ಅಣ್ಣನ ಮನೆಗೇ ಹೋಗಿ ಕೇಳಿದಳು. ಅವನು ಸುಳ್ಳು ಹೇಳಲಿಲ್ಲ.

"ಉಳಿದವರು ಪುಟ ತಿರುವಿ ಹೊಗಳ್ತಾರೆ. ನೀನೊಬ್ಬಳು ಓದ್ತೀಯ," ಎಂದ. "ನನಗಿರೋದು ಇದೊಂದೇ ಪುಸ್ತಕ ಕಣಮ್ಮ."

"ಪೌಲ ಬರೀದೇ ಇದ್ದದ್ದಕ್ಕೆ ಪೌಲನ ಹೆಸರು, ನಾನು ಒಪ್ಪದೇ ಇದ್ದದ್ದಕ್ಕೆ ನನ್ನ ಹೆಸರು. ಚೆನ್ನಾಗಿದೆ ಅಣ್ಣ."

ಅವನು ತಲೆ ತಗ್ಗಿಸಿದ. ಬಾಗಿದ ಆ ಕತ್ತು ನೋಡಿ ಅವಳ ಕರುಳು ಚುರ್ ಎಂದಿತು. ಹಾಳಾಗಿ ಹೋಗಲಿ, ಪುಸ್ತಕ ಬದುಕಿಕೊಳ್ಳಲಿ ಎಂದು ಸುಮ್ಮನೆ ಎದ್ದು ಬಂದಳು.

ಸುಮ್ಮನಿರಲು ಬಿಟ್ಟರೆ ತಾನೆ? ಮುಂದಿನ ಸಂಚಿಕೆಯಲ್ಲಿ ಇನ್ಯಾರೋ ಬರೆದ ವಿಮರ್ಶೆ ಬಂತು. ಅದೇ ಅಧ್ಯಾಯವನ್ನು ಬಾಯಿ ತುಂಬ ಹೊಗಳಿ, 'ಇಷ್ಟು ಕಟ್ಟುನಿಟ್ಟಿನ ವಿಮರ್ಶಕಿಯೇ ಸಾಲುಸಾಲು ಓದಿ ಒಪ್ಪಿರುವಾಗ ಆಧಾರಗಳ ಬಗ್ಗೆ ಅನುಮಾನಕ್ಕೆ ಎಡೆಯಿಲ್ಲ' ಎಂದು ಮುಗಿಸಿದ್ದರು. ಅವಳ ಮೈ ಉರಿಯಿತು. ನಿಯಮ ವಿಮರ್ಶೆಗೆ ಅಡ್ಡಬರುತ್ತಿತ್ತು, ಓದುಗರ ಅಂಕಣಕ್ಕಲ್ಲ. 'ಈ ಅಧ್ಯಾಯವನ್ನು ನಾನು ಒಪ್ಪಿಲ್ಲ, ಅಚ್ಚಿಗೆ ಹೋಗುವ ಮೊದಲೇ ಲೇಖಕರಿಗೆ ಹೇಳಿದ್ದೇನೆ' ಎಂದು ಕಾರಣಸಮೇತ ಬರೆದು ಕಳಿಸಿದಳು. ಸಂಪಾದಕರು ಒಂದಕ್ಷರ ಕತ್ತರಿಸದೆ ಹಾಕಿದರು.

ಸಂಚಿಕೆ ಬಂದ ದಿನ ಅಧ್ಯಾಪಕರ ಕೊಠಡಿ ತುಂಬಿತ್ತು. ಅವಳು ಒಳಗೆ ಕಾಲಿಟ್ಟಾಗ ಪತ್ರಿಕೆ ಅಣ್ಣನ ಕೈಯಲ್ಲಿತ್ತು. ಸಿಟ್ಟಾಗುತ್ತಾನೆ, ಕೂಗಾಡುತ್ತಾನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಅವನು ನಗುತ್ತ ಎದ್ದು ತನ್ನ ಕುರ್ಚಿಯನ್ನೇ ಅವಳಿಗೆ ಎಳೆದುಕೊಟ್ಟ.

"ನನಗೇ ಒಂದು ಮಾತು ಹೇಳಿದ್ರೆ ಆಗಲೇ ತಿದ್ದುತಿದ್ದೆನಲ್ಲ, ತಂಗಿ. ಇಷ್ಟು ದೂರ ಯಾಕೆ ಹೋದೆ?"

ಮಾತಾಡುತ್ತಿದ್ದವರೆಲ್ಲ ಅವಳತ್ತ ತಿರುಗಿದರು. ಇಂಥ ಅಣ್ಣನಿಗೆ ಹೀಗೆ ಮಾಡಿದಳಲ್ಲ ಎಂಬುದು ಒಬ್ಬೊಬ್ಬರ ಮುಖದಲ್ಲೂ ಕಾಣುತ್ತಿತ್ತು.

"ಹೇಳಿದ್ದೆ," ಎಂದಳು. ಆದರೆ ಆ ಮಾತಿಗೆ ಸಾಕ್ಷಿಯಾಗಿ ಇದ್ದವನು ಅಣ್ಣನೊಬ್ಬನೇ.

ಅಣ್ಣ ಅವಳ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಹೋಗಲಿ ಬಿಡು. ಮುಂದಿನ ಮುದ್ರಣ ನಿನಗೆ ತೋರಿಸದೆ ಅಚ್ಚಿಗೆ ಕೊಡಲ್ಲ."